ಜಮ್ಶೆಟ್ಜಿ ಜೀಜಿಭಾಯ್ ಬ್ಯಾರೊನೆಟ್ ಆಸ್ತಿ ವ್ಯವಸ್ಥೆ

ಜಮ್ಶೆಟ್ಜಿ ಜೀಜಿಭಾಯ್ ಬ್ಯಾರೊನೆಟ್ ಆಸ್ತಿ ವ್ಯವಸ್ಥೆಯು ಮುಂಬಯಿಯ ಪಾರ್ಸಿ ವರ್ತಕ ಸರ್ ಜಮ್ಶೆಟ್ಜಿ ಜೀಜಿಭಾಯ್ (1783–1859) ಅವರ ಸಂಪತ್ತಿನ ಒಂದು ಭಾಗವನ್ನು ಅವರ ವಂಶದ ಹಿರಿಯ ಪುರುಷ ಉತ್ತರಾಧಿಕಾರಿಗೆ ಮೀಸಲಿಡಲು ರೂಪುಗೊಂಡ ಕಾನೂನು ಏರ್ಪಾಡು. 1860ರಲ್ಲಿ ಭಾರತದ ಶಾಸನ ಪರಿಷತ್ತು ಅಂಗೀಕರಿಸಿದ ವಿಶೇಷ ಶಾಸನದ ಮೂಲಕ ಇದು ಜಾರಿಗೆ ಬಂದಿತು. ವರ್ಷಕ್ಕೆ 1 ಲಕ್ಷ ರೂಪಾಯಿ ವರಮಾನ ತರುವ ಸರ್ಕಾರಿ ಸಾಲಪತ್ರಗಳು ಮತ್ತು ಮಝಗಾಂವ್ ಕ್ಯಾಸಲ್ ಎಂಬ ಮಹಲು ಇದರ ವ್ಯಾಪ್ತಿಗೆ ಸೇರಿದ್ದವು.

ತಂದೆಯ ಸ್ಥಿರಾಸ್ತಿಯೆಲ್ಲ ಹಿರಿಯ ಮಗನಿಗೆ ಮಾತ್ರ ಸೇರಬೇಕೆಂಬ ಇಂಗ್ಲಿಷ್ ನಿಯಮವನ್ನು ಪಾರ್ಸಿ ಸಮುದಾಯವು 1830ರ ದಶಕದಲ್ಲಿ ವಿರೋಧಿಸಿ, ಶಾಸನದ ಮೂಲಕ ಅದರಿಂದ ಬಿಡುಗಡೆ ಪಡೆದಿತ್ತು. ಅದೇ ಸಮುದಾಯದ ಅತ್ಯಂತ ಪ್ರಸಿದ್ಧ ಕುಟುಂಬವೊಂದಕ್ಕೆ ಕೆಲವೇ ದಶಕಗಳ ನಂತರ ಮತ್ತೊಂದು ಶಾಸನದ ಮೂಲಕ ಹಿರಿಯ ಮಗನ ಏಕಸ್ವಾಮ್ಯವು ಮರಳಿ ಬಂದುದರಿಂದ, ವಸಾಹತು ಕಾಲದ ಆಸ್ತಿ ಕಾನೂನಿನ ಇತಿಹಾಸದಲ್ಲಿ ಈ ಪ್ರಕರಣಕ್ಕೆ ವಿಶೇಷ ಸ್ಥಾನವಿದೆ.

ಹಿನ್ನೆಲೆ

ಜಮ್ಶೆಟ್ಜಿ ಜೀಜಿಭಾಯ್ ಅವರು 1783ರ ಜುಲೈ 15ರಂದು ಸಾಧಾರಣ ಸ್ಥಿತಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದರು. 1799ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ತಂದೆ ತಾಯಿಗಳಿಬ್ಬರನ್ನೂ ಕಳೆದುಕೊಂಡರು. ಅವರಿಗೆ ಪಿತ್ರಾರ್ಜಿತವಾಗಿ ಹೇಳಿಕೊಳ್ಳುವಂತಹ ಆಸ್ತಿ ಇರಲಿಲ್ಲ. ಮುಂಬಯಿಯಲ್ಲಿ ಸೀಸೆಗಳ ವ್ಯಾಪಾರ ನಡೆಸುತ್ತಿದ್ದ ಸೋದರಮಾವ ಫ್ರಾಮ್ಜಿ ನಸರ್ವಾನ್ಜಿ ಬಾಟ್ಲಿವಾಲಾ ಅವರ ಆಶ್ರಯದಲ್ಲಿ ಅವರು ವ್ಯಾಪಾರದ ಪಾಠಗಳನ್ನು ಕಲಿತರು. 1803ರಲ್ಲಿ ಫ್ರಾಮ್ಜಿಯವರ ಪುತ್ರಿ ಅವಾಬಾಯಿಯವರನ್ನು ವಿವಾಹವಾದರು.

ಜಮ್ಶೆಟ್ಜಿ ಅವರು ಚೀನಾಕ್ಕೆ ಐದು ಬಾರಿ ಸಮುದ್ರಯಾನ ಕೈಗೊಂಡರು. 1805ರಲ್ಲಿ ಅವರು ಪ್ರಯಾಣಿಸುತ್ತಿದ್ದ ಬ್ರನ್ಸ್‌ವಿಕ್ ಎಂಬ ಹಡಗನ್ನು ಫ್ರೆಂಚರು ವಶಪಡಿಸಿಕೊಂಡರು. ಸೆರೆಯಾದವರನ್ನು ಆಫ್ರಿಕಾದ ದಕ್ಷಿಣ ತುದಿಯ ಗುಡ್ ಹೋಪ್ ಭೂಶಿರಕ್ಕೆ ಕರೆದೊಯ್ಯಲಾಯಿತು. ಅದೇ ಹಡಗಿನಲ್ಲಿ ವೈದ್ಯರಾಗಿದ್ದ ವಿಲಿಯಂ ಜಾರ್ಡಿನ್ ಅವರ ಪರಿಚಯ ಜಮ್ಶೆಟ್ಜಿಯವರಿಗೆ ಈ ಪ್ರಯಾಣದಲ್ಲಿ ಆಯಿತು. ಜಾರ್ಡಿನ್ ಅವರು ಮುಂದೆ ವೈದ್ಯವೃತ್ತಿಯನ್ನು ಬಿಟ್ಟು ವ್ಯಾಪಾರಕ್ಕೆ ಇಳಿದು, 1832ರಲ್ಲಿ ಜಾರ್ಡಿನ್ ಮ್ಯಾಥೆಸನ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಆ ಸಂಸ್ಥೆಗೂ ಜಮ್ಶೆಟ್ಜಿಯವರಿಗೂ ದೀರ್ಘಕಾಲದ ವ್ಯವಹಾರ ಸಂಬಂಧವಿತ್ತು.

ಜಮ್ಶೆಟ್ಜಿಯವರ ವ್ಯಾಪಾರದಲ್ಲಿ ಜೈನ ವರ್ತಕ ಮೋತಿಚಂದ್ ಅಮಿಚಂದ್ ಮತ್ತು ಕೊಂಕಣಿ ಮುಸ್ಲಿಂ ವರ್ತಕ ಮೊಹಮ್ಮದ್ ಅಲಿ ರೋಗೆ ಅವರು ಪಾಲುದಾರರಾಗಿದ್ದರು. ಹತ್ತಿ ಮತ್ತು ಅಫೀಮು ಈ ವ್ಯಾಪಾರದ ಮುಖ್ಯ ಸರಕುಗಳಾಗಿದ್ದವು. ಮಾಳವ ಪ್ರಾಂತದಲ್ಲಿ ಬೆಳೆದ ಅಫೀಮು ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ಚೀನಾವನ್ನು ತಲುಪುತ್ತಿತ್ತು. ಚೀನೀ ಸರ್ಕಾರವು ಅಫೀಮನ್ನು ನಿಷೇಧಿಸಿದ್ದರೂ ಈ ವ್ಯಾಪಾರ ಮುಂದುವರಿಯಿತು. ಅದೇ ವಿವಾದವು 1839ರಲ್ಲಿ ಮೊದಲ ಅಫೀಮು ಯುದ್ಧಕ್ಕೆ ದಾರಿಮಾಡಿತು. ಈ ಲೇಖನದಲ್ಲಿ ವಿವರಿಸಲಾದ ಕುಟುಂಬದ ಆಸ್ತಿ ಹಾಗೂ ದಾನನಿಧಿಗಳೆರಡರ ಮೂಲವೂ ಬಹುಮಟ್ಟಿಗೆ ಇದೇ ವ್ಯಾಪಾರದಲ್ಲಿದೆ.

1842ರಲ್ಲಿ ಬ್ರಿಟಿಷ್ ಸರ್ಕಾರವು ಜಮ್ಶೆಟ್ಜಿಯವರಿಗೆ ನೈಟ್ ಪದವಿಯನ್ನು ನೀಡಿತು. ಈ ಪದವಿಯನ್ನು ಪಡೆದ ಮೊದಲ ಭಾರತೀಯರು ಅವರೇ. ಜಮ್ಶೆಟ್ಜಿ ಮತ್ತು ಅವಾಬಾಯಿ ದಂಪತಿಗೆ ಕರ್ಸೆಟ್ಜಿ, ರುಸ್ತುಂಜಿ, ಸೊರಾಬ್ಜಿ ಎಂಬ ಮೂವರು ಪುತ್ರರೂ ಪಿರೋಜ್‌ಬಾಯಿ ಎಂಬ ಪುತ್ರಿಯೂ ಇದ್ದರು. 1836ರ ವೇಳೆಗೆ ಮೂವರು ಪುತ್ರರೂ ಇತರ ಬಂಧುಗಳೂ ತಂದೆಯ ವ್ಯಾಪಾರ ಸಂಸ್ಥೆಯಲ್ಲಿ ತೊಡಗಿಕೊಳ್ಳುವಷ್ಟು ಆ ಸಂಸ್ಥೆ ಬೆಳೆದಿತ್ತು.

ಪಾರ್ಸಿ ಉತ್ತರಾಧಿಕಾರದ ಸಮಸ್ಯೆ

ಮುಂಬಯಿಯಲ್ಲಿ 1820ರ ದಶಕದಲ್ಲಿ ಸ್ಥಾಪನೆಯಾದ ಸುಪ್ರೀಂ ಕೋರ್ಟ್, ಉತ್ತರಾಧಿಕಾರದ ವಿಷಯದಲ್ಲಿ ಹಿಂದೂಗಳಿಗೆ ಹಿಂದೂ ಶಾಸ್ತ್ರವನ್ನೂ ಮುಸ್ಲಿಮರಿಗೆ ಇಸ್ಲಾಮಿ ಶಾಸ್ತ್ರವನ್ನೂ ಅನ್ವಯಿಸಬೇಕಾಗಿತ್ತು. ಪಾರ್ಸಿಗಳು ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಸೇರಿದವರಲ್ಲ. ಆದ್ದರಿಂದ ಮುಂಬಯಿ ನಗರದ ಪಾರ್ಸಿಗಳಿಗೆ ಇಂಗ್ಲಿಷ್ ಕಾನೂನು ಅನ್ವಯಿಸುತ್ತದೆ ಎಂಬ ನಿಲುವು ಬೆಳೆಯಿತು. ನಗರದ ಹೊರಗೆ, ಅಂದರೆ ಸೂರತ್, ಭರೂಚ್ ಮೊದಲಾದ ಕಂಪನಿ ಆಡಳಿತದ ಜಿಲ್ಲೆಗಳಲ್ಲಿ, ಸಮುದಾಯದ ರೂಢಿಗೆ ಮನ್ನಣೆ ಇತ್ತು. ಹೀಗೆ ಒಂದೇ ಸಮುದಾಯದ ಎರಡು ಮನೆಗಳಿಗೆ ಅವು ಇರುವ ಸ್ಥಳವನ್ನು ಅನುಸರಿಸಿ ಎರಡು ಬಗೆಯ ನಿಯಮಗಳು ಅನ್ವಯಿಸುವಂತಾಯಿತು.

ಅಂದಿನ ಇಂಗ್ಲಿಷ್ ಕಾನೂನು ಆಸ್ತಿಯನ್ನು ಎರಡು ವಿಧವಾಗಿ ನೋಡುತ್ತಿತ್ತು. ಉಯಿಲು ಬರೆಯದೆ ವ್ಯಕ್ತಿಯೊಬ್ಬ ಮೃತನಾದರೆ ಅವನ ಭೂಮಿ ಮತ್ತು ಕಟ್ಟಡಗಳು ಜ್ಯೇಷ್ಠಾಧಿಕಾರ ನಿಯಮದಂತೆ ಹಿರಿಯ ಮಗನಿಗೆ ಮಾತ್ರ ಸೇರುತ್ತಿದ್ದವು. ಹಣ, ಸರಕು, ಒಡವೆ ಮೊದಲಾದ ಚರಾಸ್ತಿಯು 1670ರ ಇಂಗ್ಲಿಷ್ ವಿತರಣಾ ಶಾಸನದ ಪ್ರಕಾರ ವಿಧವೆ ಮತ್ತು ಮಕ್ಕಳ ನಡುವೆ ಹಂಚಿಕೆಯಾಗುತ್ತಿತ್ತು. ಚರಾಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗ ಸಿಗುತ್ತಿತ್ತು. ಉಳಿದುದನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳು ಸಮನಾಗಿ ಹಂಚಿಕೊಳ್ಳುತ್ತಿದ್ದರು.

ಪಾರ್ಸಿ ಕುಟುಂಬಗಳು ಅದುವರೆಗೂ ತಮ್ಮ ಸ್ಥಿರಾಸ್ತಿಯನ್ನು ರೂಢಿಯಂತೆ ಹಂಚಿಕೊಳ್ಳುತ್ತ ಬಂದಿದ್ದವು. 1835ರಲ್ಲಿ ಒಬ್ಬ ಪಾರ್ಸಿಯ ಹಿರಿಯ ಮಗ ಇಂಗ್ಲಿಷ್ ಜ್ಯೇಷ್ಠಾಧಿಕಾರ ನಿಯಮವನ್ನು ಮುಂದಿಟ್ಟು, ತಂದೆಯ ಸ್ಥಿರಾಸ್ತಿಯೆಲ್ಲ ತನಗೇ ಸೇರಬೇಕೆಂದು ನ್ಯಾಯಾಲಯದ ಮೊರೆಹೊಕ್ಕನು. ಈ ವಾದಕ್ಕೆ ಮನ್ನಣೆ ದೊರೆತರೆ ಅದು ಒಂದು ಮನೆಗೆ ಮಾತ್ರ ಸೀಮಿತವಾಗುತ್ತಿರಲಿಲ್ಲ. ಹಿಂದೆ ಪಾಲಾದ ಆಸ್ತಿಗಳ ಹಕ್ಕುಪತ್ರಗಳೂ ಅಲುಗಾಡುವ ಸಂಭವವಿತ್ತು. ತಮ್ಮರು ಮತ್ತು ವಿಧವೆಯರು ಅನುಭವಿಸುತ್ತಿದ್ದ ಮನೆಗಳ ಮೇಲೆ ಹಿರಿಯಣ್ಣಂದಿರು ಹಕ್ಕು ಸಾಧಿಸಬಹುದಿತ್ತು. ಸಮುದಾಯದ ಮುಖಂಡರು ಸರ್ಕಾರಕ್ಕೆ ಮನವಿ ಸಲ್ಲಿಸಿದರು.

1837ರ ಶಾಸನ

ಈ ಮನವಿಯ ಫಲವಾಗಿ 1837ರ 9ನೆಯ ಶಾಸನ ಜಾರಿಗೆ ಬಂದಿತು. ಸುಪ್ರೀಂ ಕೋರ್ಟುಗಳ ವ್ಯಾಪ್ತಿಯಲ್ಲಿರುವ ಪಾರ್ಸಿಗಳ ಸ್ಥಿರಾಸ್ತಿಯನ್ನು ಉತ್ತರಾಧಿಕಾರದ ಮಟ್ಟಿಗೆ ಚರಾಸ್ತಿಯಂತೆಯೇ ಪರಿಗಣಿಸಬೇಕೆಂದು ಅದು ವಿಧಿಸಿತು. ಈ ನಿಯಮವು ಹಿಂದಿನಿಂದಲೂ ಹಾಗೆಯೇ ಇತ್ತೆಂದು ಭಾವಿಸಬೇಕೆಂದೂ ಅದು ಸೇರಿಸಿತು. ಇದರಿಂದ ಹಳೆಯ ಪಾಲುಪಟ್ಟಿಗಳಿಗೆ ರಕ್ಷಣೆ ದೊರೆಯಿತು.

ಈ ಶಾಸನವು ಜ್ಯೇಷ್ಠಾಧಿಕಾರ ನಿಯಮವನ್ನು ಹೆಸರಿಸಿ ರದ್ದುಗೊಳಿಸಲಿಲ್ಲ. ಭೂಮಿಯನ್ನೇ ಕಾನೂನಿನ ಕಣ್ಣಿನಲ್ಲಿ ಚರಾಸ್ತಿಯನ್ನಾಗಿಸಿ, ಆ ನಿಯಮ ತಾಗದಂತೆ ಮಾಡಿತು. ಇದರ ಮತ್ತೊಂದು ಪರಿಣಾಮವೆಂದರೆ, 1670ರ ವಿತರಣಾ ಶಾಸನವು ಮನೆ ಮತ್ತು ಜಮೀನುಗಳಿಗೂ ಅನ್ವಯವಾಗಿ, ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ದೊರೆಯುವಂತಾಯಿತು. ಹಿರಿಯ ಮಗನ ಏಕಸ್ವಾಮ್ಯವನ್ನು ವಿರೋಧಿಸಿದ ಅನೇಕರು ಈ ಸಮಪಾಲನ್ನು ಬಯಸಿದವರಾಗಿರಲಿಲ್ಲ. ಆ ಅತೃಪ್ತಿಯು 1865ರ ಶಾಸನದ ಹಿನ್ನೆಲೆಗಳಲ್ಲಿ ಒಂದು.

ಬ್ಯಾರೊನೆಟ್ ಪದವಿ

1857ರಲ್ಲಿ ಜಮ್ಶೆಟ್ಜಿಯವರಿಗೆ ಬ್ಯಾರೊನೆಟ್ ಪದವಿಯನ್ನು ನೀಡಲಾಯಿತು. ನೈಟ್ ಪದವಿಯು ಅದನ್ನು ಪಡೆದ ವ್ಯಕ್ತಿಯೊಂದಿಗೇ ಕೊನೆಗೊಳ್ಳುತ್ತದೆ. ಬ್ಯಾರೊನೆಟ್ ಪದವಿಯು ವಂಶಪಾರಂಪರ್ಯವಾದುದು. ಸಾಮಾನ್ಯವಾಗಿ ಅದು ತಂದೆಯಿಂದ ಹಿರಿಯ ಮಗನಿಗೆ, ಪುರುಷ ಸಂತತಿಯಲ್ಲಿ ಮಾತ್ರ ಮುಂದುವರಿಯುತ್ತದೆ. ಭಾರತೀಯರೊಬ್ಬರಿಗೆ ಈ ಪದವಿ ದೊರೆತದ್ದು ಇದೇ ಮೊದಲು.

ಪದವಿಯೊಂದಿಗೆ ಒಂದು ಪ್ರಾಯೋಗಿಕ ಪ್ರಶ್ನೆಯೂ ಎದುರಾಯಿತು. ಇಂಗ್ಲೆಂಡಿನಲ್ಲಿ ಇಂತಹ ಪದವಿಯುಳ್ಳ ಮನೆತನಗಳು ತಮ್ಮ ಜಮೀನನ್ನು ಪದವಿಯ ಜೊತೆಜೊತೆಗೇ ಹಿರಿಯ ಮಗನಿಗೆ ಸಾಗುವಂತೆ ಕಟ್ಟಿಡುತ್ತಿದ್ದವು. ಮುಂಬಯಿಯ ಪಾರ್ಸಿಗೆ ಆ ಮಾರ್ಗ ತೆರೆದಿರಲಿಲ್ಲ. 1837ರ ಶಾಸನದಂತೆ ಪಾರ್ಸಿಯ ಜಮೀನು ಚರಾಸ್ತಿಯ ಸ್ವರೂಪವನ್ನು ಪಡೆದಿತ್ತು; ಚರಾಸ್ತಿಯನ್ನು ತಲೆಮಾರುಗಳ ಕಾಲ ಹಿರಿಯ ಮಗನ ಸಾಲಿಗೆ ಕಟ್ಟಿಹಾಕಲು ಇಂಗ್ಲಿಷ್ ಕಾನೂನು ಅವಕಾಶ ನೀಡುತ್ತಿರಲಿಲ್ಲ. ಖಾಸಗಿ ಕುಟುಂಬದ ಪ್ರಯೋಜನಕ್ಕಾಗಿ ಆಸ್ತಿಯನ್ನು ಶಾಶ್ವತವಾಗಿ ಬಂಧಿಸಿಡುವ ಉಯಿಲು ಅಥವಾ ಟ್ರಸ್ಟ್ ಪತ್ರವನ್ನು ನ್ಯಾಯಾಲಯಗಳು ಮಾನ್ಯ ಮಾಡುತ್ತಿರಲಿಲ್ಲ. ಹೀಗಾಗಿ ಪದವಿಯು ಒಬ್ಬನಿಗೆ ಸೇರಿದರೂ, ಅದಕ್ಕೆ ತಕ್ಕ ಜೀವನವನ್ನು ಸಾಗಿಸಲು ಬೇಕಾದ ಸಂಪತ್ತು ಕೆಲವೇ ತಲೆಮಾರುಗಳಲ್ಲಿ ಚದುರಿಹೋಗುವ ಸಾಧ್ಯತೆ ಇತ್ತು. ಈ ತೊಡಕನ್ನು ಪರಿಹರಿಸಲು ವಿಶೇಷ ಶಾಸನವೇ ಅಗತ್ಯವಾಯಿತು.

ಜಮ್ಶೆಟ್ಜಿಯವರು 1859ರ ಏಪ್ರಿಲ್ 14ರಂದು ನಿಧನರಾದರು. ಬ್ಯಾರೊನೆಟ್ ಪದವಿಯು ಹಿರಿಯ ಪುತ್ರ ಕರ್ಸೆಟ್ಜಿಯವರಿಗೆ ಸಂದಿತು.

1860ರ ಶಾಸನ

ಸರ್ ಜಮ್ಶೆಟ್ಜಿ ಜೀಜಿಭಾಯ್ ಬ್ಯಾರೊನೆಟ್ ಶಾಸನವು 1860ರ 20ನೆಯ ಶಾಸನವಾಗಿ ಅಂಗೀಕಾರವಾಯಿತು. ಅದರ ಮುಖ್ಯ ಅಂಶಗಳು ಹೀಗಿವೆ:

- ವರ್ಷಕ್ಕೆ 1 ಲಕ್ಷ ರೂಪಾಯಿ ವರಮಾನ ತರುವ ಭಾರತ ಸರ್ಕಾರದ ಪ್ರಾಮಿಸರಿ ಪತ್ರಗಳನ್ನು ಪದವಿಯ ಪೋಷಣೆಗಾಗಿ ಮೀಸಲಿಡುವುದು.
- ಮುಂಬಯಿಯ ಮಝಗಾಂವ್ ಕ್ಯಾಸಲ್ ಎಂಬ ಮಹಲು ಮತ್ತು ಅದಕ್ಕೆ ಸೇರಿದ ಸ್ಥಿರಾಸ್ತಿಯನ್ನು ಬ್ಯಾರೊನೆಟ್ ಆದವರ ನಿವಾಸಕ್ಕಾಗಿ ಕಾಯ್ದಿರಿಸುವುದು.
- ಈ ಆಸ್ತಿಯನ್ನು ಧರ್ಮದರ್ಶಿಗಳ ವಶದಲ್ಲಿರಿಸಿ, ಅದು ಪದವಿಯೊಂದಿಗೇ ಒಬ್ಬರಿಂದ ಇನ್ನೊಬ್ಬರಿಗೆ ಸಾಗುವಂತೆ ಮಾಡುವುದು.
- ಪದವಿಗೆ ಬರುವ ಪ್ರತಿಯೊಬ್ಬರೂ ಜಮ್ಶೆಟ್ಜಿ ಜೀಜಿಭಾಯ್ ಎಂಬ ಹೆಸರನ್ನೇ ಧರಿಸುವುದು.

ಶೇಕಡ 4ರ ಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ವರಮಾನ ಬರಲು 25 ಲಕ್ಷ ರೂಪಾಯಿಗಳ ಮೂಲಧನ ಬೇಕಾಗುತ್ತದೆ. ಈ ವ್ಯವಸ್ಥೆಯಲ್ಲಿ ಬ್ಯಾರೊನೆಟ್ ಆದವರು ಮೂಲಧನದ ಒಡೆಯರಲ್ಲ, ಬದುಕಿರುವವರೆಗೆ ಅದರ ವರಮಾನವನ್ನು ಅನುಭವಿಸುವವರು ಮಾತ್ರ. ತಮ್ಮ ಉಯಿಲಿನ ಮೂಲಕ ಅದನ್ನು ಕಿರಿಯ ಮಗನಿಗಾಗಲಿ ಮಗಳಿಗಾಗಲಿ ಕೊಡುವ ಅಧಿಕಾರವೂ ಅವರಿಗಿರಲಿಲ್ಲ. ಒಬ್ಬ ದುಂದುಗಾರ ಅಥವಾ ದುರದೃಷ್ಟವಂತ ಉತ್ತರಾಧಿಕಾರಿಯ ಕಾಲದಲ್ಲಿ ಮುಂದಿನ ತಲೆಮಾರಿನ ಆಧಾರವು ಕರಗಿಹೋಗದಂತೆ ಇದು ತಡೆಯಿತು.

ಇಂತಹ ವ್ಯವಸ್ಥೆಗೆ ತನ್ನದೇ ಆದ ದೌರ್ಬಲ್ಯವೂ ಇತ್ತು. ಸಾಲಪತ್ರಗಳ ವರಮಾನ ರೂಪಾಯಿಗಳಲ್ಲಿ ನಿಗದಿಯಾಗಿರುತ್ತದೆ. ಬೆಲೆಗಳು ಏರಿದಂತೆ ಅದೇ 1 ಲಕ್ಷ ರೂಪಾಯಿಯ ಕೊಳ್ಳುವ ಶಕ್ತಿ ಕುಗ್ಗುತ್ತದೆ. ಮೂಲಧನವನ್ನು ಹೆಚ್ಚು ಲಾಭದ ಉದ್ಯಮದಲ್ಲಿ ತೊಡಗಿಸುವ ಸ್ವಾತಂತ್ರ್ಯ ಅನುಭೋಗಿಗೆ ಇರುವುದಿಲ್ಲ. ವ್ಯಾಪಾರದ ಸಾಹಸದಿಂದ ಗಳಿಸಿದ ಸಂಪತ್ತು ಈ ಮೂಲಕ ಸಾಹಸಕ್ಕೆ ಎಡೆಯಿಲ್ಲದ ಸ್ಥಿರ ನಿಧಿಯಾಗಿ ಮಾರ್ಪಟ್ಟಿತು.

ಹೆಸರಿನ ನಿಯಮ ಮತ್ತು ಉತ್ತರಾಧಿಕಾರಿಗಳು

ಪಾರ್ಸಿಗಳಲ್ಲಿ ವ್ಯಕ್ತಿಯ ಹೆಸರಿನ ಮುಂದೆ ತಂದೆಯ ಹೆಸರನ್ನು ಸೇರಿಸುವುದು ರೂಢಿ. ಆ ಕ್ರಮದಂತೆ ಜಮ್ಶೆಟ್ಜಿಯವರ ಮಗ ಕರ್ಸೆಟ್ಜಿ ಜಮ್ಶೆಟ್ಜಿ ಎನಿಸುತ್ತಾರೆ, ಅವರ ಮಗ ಮಾಣೆಕ್ಜಿ ಕರ್ಸೆಟ್ಜಿ ಎನಿಸುತ್ತಾರೆ. ಇಂಗ್ಲಿಷ್ ಪದ್ಧತಿಯ ಸ್ಥಿರ ಮನೆತನದ ಹೆಸರು ಇಲ್ಲಿ ಇರಲಿಲ್ಲ. ಪದವಿಯೊಂದಿಗೆ ಮೂಲಪುರುಷನ ಹೆಸರೂ ಉಳಿಯಬೇಕೆಂಬ ಉದ್ದೇಶದಿಂದ ಹೆಸರು ಬದಲಾವಣೆಯ ನಿಯಮವನ್ನು ಮಾಡಲಾಯಿತು. ಪರಿಣಾಮವಾಗಿ ಐತಿಹಾಸಿಕ ದಾಖಲೆಗಳಲ್ಲಿ ಒಂದೇ ಹೆಸರಿನ ಅನೇಕ ವ್ಯಕ್ತಿಗಳು ಕಂಡುಬರುತ್ತಾರೆ. ಮೊದಲ ಐವರು ಬ್ಯಾರೊನೆಟ್‌ಗಳು:

- ಮೊದಲನೆಯವರು: ಜಮ್ಶೆಟ್ಜಿ ಜೀಜಿಭಾಯ್ (1783–1859).
- ಎರಡನೆಯವರು: ಹಿರಿಯ ಪುತ್ರ, ಮೂಲ ಹೆಸರು ಕರ್ಸೆಟ್ಜಿ (1811–1877).
- ಮೂರನೆಯವರು: ಕರ್ಸೆಟ್ಜಿಯವರ ಪುತ್ರ, ಮೂಲ ಹೆಸರು ಮಾಣೆಕ್ಜಿ (ನಿಧನ 1898).
- ನಾಲ್ಕನೆಯವರು: ಮಾಣೆಕ್ಜಿಯವರ ಸಹೋದರ, ಮೂಲ ಹೆಸರು ಕಾವಸ್ಜಿ (ನಿಧನ 1908).
- ಐದನೆಯವರು: ಕಾವಸ್ಜಿಯವರ ಪುತ್ರ, ಮೂಲ ಹೆಸರು ರುಸ್ತುಂಜಿ (1878–1931).

ಮೂರನೆಯವರಿಂದ ಪದವಿಯು ಅವರ ಸಹೋದರನಿಗೆ ಸಂದುದನ್ನು ಇಲ್ಲಿ ಗಮನಿಸಬಹುದು. ಪುರುಷ ಸಂತತಿಯಲ್ಲಿ ಮಾತ್ರ ಸಾಗುವ ಪದವಿಯೊಂದಿಗೆ ಆಸ್ತಿಯೂ ಬಂಧಿತವಾಗಿರುವಾಗ, ಆಯಾ ಬ್ಯಾರೊನೆಟ್‌ರ ಪತ್ನಿ ಮತ್ತು ಹೆಣ್ಣುಮಕ್ಕಳಿಗೆ ಆ ಮೂಲಧನದ ಮೇಲೆ ಉತ್ತರಾಧಿಕಾರದ ಹಕ್ಕು ಇರುವುದಿಲ್ಲ. ಅವರ ಜೀವನಕ್ಕೆ ಬೇಕಾದ ಏರ್ಪಾಡನ್ನು ಕುಟುಂಬದ ಉಳಿದ ಆಸ್ತಿಯಿಂದ ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ.

ಉಳಿದ ಪುತ್ರರು

ಬ್ಯಾರೊನೆಟ್ ನಿಧಿಯ ಹೊರಗಿದ್ದ ಸಂಪತ್ತಿಗೆ ಇಂತಹ ರಕ್ಷಣೆ ಇರಲಿಲ್ಲ. ಎರಡನೆಯ ಪುತ್ರ ರುಸ್ತುಂಜಿಯವರು ಮುಂಬಯಿಯ ಪ್ರಮುಖ ವರ್ತಕರಾಗಿ ಬೆಳೆದರು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ತಲುಪದೆ, ಭಾರತದ ಹತ್ತಿಗೆ ಅಪಾರ ಬೇಡಿಕೆ ಉಂಟಾಯಿತು. ಆ ಹಣದ ಪ್ರವಾಹವು ಮುಂಬಯಿಯಲ್ಲಿ ಬ್ಯಾಂಕುಗಳ ಮತ್ತು ಭೂಮಿ ಕಂಪನಿಗಳ ಷೇರುಗಳ ಮೇಲಿನ ಉನ್ಮಾದವಾಗಿ ಪರಿಣಮಿಸಿತು. 1865ರಲ್ಲಿ ಯುದ್ಧವು ಮುಗಿದು ಹತ್ತಿಯ ಬೆಲೆ ಕುಸಿದಾಗ ನಗರದ ಅನೇಕ ದೊಡ್ಡ ವರ್ತಕರು ದಿವಾಳಿಯಾದರು. ರುಸ್ತುಂಜಿಯವರೂ ಈ ಕುಸಿತದಲ್ಲಿ ಭಾರಿ ನಷ್ಟವನ್ನು ಅನುಭವಿಸಿದರು.

ಒಂದೇ ತಂದೆಯ ಇಬ್ಬರು ಪುತ್ರರ ಸ್ಥಿತಿಯನ್ನು ಇಲ್ಲಿ ಹೋಲಿಸಬಹುದು. ಹಿರಿಯರ ನಿಧಿಯು ಶಾಸನದ ಕಾವಲಿನಲ್ಲಿ ಸುರಕ್ಷಿತವಾಗಿತ್ತು. ಕಿರಿಯರ ಸಂಪತ್ತು ಮಾರುಕಟ್ಟೆಯ ಏರಿಳಿತಕ್ಕೆ ತೆರೆದುಕೊಂಡಿತ್ತು. ಮೂರನೆಯ ಪುತ್ರ ಸೊರಾಬ್ಜಿಯವರು ವಿದ್ಯಾಸಕ್ತರಾಗಿದ್ದು, ಗುಜರಾತಿ ಭಾಷೆಯಲ್ಲಿ ಗ್ರಂಥಗಳನ್ನು ರಚಿಸಿದರು.

1865ರ ಪಾರ್ಸಿ ಉತ್ತರಾಧಿಕಾರ ಶಾಸನ

ಸಾಮಾನ್ಯ ಪಾರ್ಸಿ ಕುಟುಂಬಗಳ ವಿಷಯದಲ್ಲಿ ಕಾನೂನು ಬೇರೊಂದು ದಿಕ್ಕಿನಲ್ಲಿ ಸಾಗಿತು. 1855ರಲ್ಲಿ ಮುಂಬಯಿಯಲ್ಲಿ ಪಾರ್ಸಿ ಕಾನೂನು ಸಂಘವು ಸ್ಥಾಪನೆಯಾಯಿತು. ನವರೋಜಿ ಫರ್ದುಂಜಿಯವರು ಅದರ ಪ್ರಮುಖ ಕಾರ್ಯಕರ್ತರಲ್ಲಿ ಒಬ್ಬರು. ವಿವಾಹ ಮತ್ತು ಉತ್ತರಾಧಿಕಾರಗಳಿಗೆ ಸಮುದಾಯದ ರೂಢಿಗೆ ಹೊಂದುವ ಲಿಖಿತ ಕಾನೂನನ್ನು ಪಡೆಯುವುದು ಸಂಘದ ಗುರಿಯಾಗಿತ್ತು.

ಚರ್ಚೆಯಲ್ಲಿ ಮುಂಬಯಿ ನಗರದ ಪಾರ್ಸಿಗಳಿಗೂ ಹೊರಗಿನ ಜಿಲ್ಲೆಗಳ ಪಾರ್ಸಿಗಳಿಗೂ ಭಿನ್ನಾಭಿಪ್ರಾಯ ತಲೆದೋರಿತು. ಜಿಲ್ಲೆಗಳ ಪಾರ್ಸಿಗಳ ಪರವಾಗಿ ಮಾತನಾಡಿದವರು ಸ್ತ್ರೀಯರಿಗೆ ನಿಶ್ಚಿತ ಪಾಲು ಕೊಡುವುದಕ್ಕೆ ಒಪ್ಪಲಿಲ್ಲ. ಅವರಿಗೆ ಪೋಷಣೆಯ ಹಕ್ಕು ಸಾಕೆಂಬುದು ಅವರ ವಾದವಾಗಿತ್ತು. ನಗರದವರು ಪಾಲು ಕೊಡಬೇಕೆಂದರೂ ಸಮಪಾಲನ್ನು ಬಯಸಲಿಲ್ಲ. ವಿಚಾರಣಾ ಆಯೋಗದ ಪರಿಶೀಲನೆಯ ನಂತರ 1865ರ 21ನೆಯ ಶಾಸನವು ಒಂದು ಶ್ರೇಣೀಕೃತ ಹಂಚಿಕೆಯನ್ನು ನಿಗದಿಪಡಿಸಿತು. ಅದರಂತೆ ಉಯಿಲು ಬರೆಯದೆ ಮೃತನಾದ ಪುರುಷನ ಆಸ್ತಿಯಲ್ಲಿ ಪ್ರತಿಯೊಬ್ಬ ಮಗನ ಪಾಲು ವಿಧವೆಯ ಪಾಲಿನ ಎರಡರಷ್ಟು. ವಿಧವೆಯ ಪಾಲು ಪ್ರತಿಯೊಬ್ಬ ಮಗಳ ಪಾಲಿನ ಎರಡರಷ್ಟು.

ಈ ನಿಯಮವು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಸೇರ್ಪಡೆಯಾಯಿತು. 1939ರ ತಿದ್ದುಪಡಿಯು ವಿಧವೆಯ ಪಾಲನ್ನು ಮಗನ ಪಾಲಿಗೆ ಸಮನಾಗಿಸಿ, ಮಗಳ ಪಾಲನ್ನು ಅದರ ಅರ್ಧಕ್ಕೆ ಏರಿಸಿತು. 1991ರ ತಿದ್ದುಪಡಿಯು ವಿಧವೆ, ಮಗ ಮತ್ತು ಮಗಳ ಪಾಲುಗಳನ್ನು ಸಮಗೊಳಿಸಿತು.

ಪಾಲುಗಳ ಲೆಕ್ಕಾಚಾರ

ಈ ಬದಲಾವಣೆಗಳ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪಾರ್ಸಿ ವರ್ತಕನೊಬ್ಬ ಉಯಿಲು ಬರೆಯದೆ, 12 ಲಕ್ಷ ರೂಪಾಯಿ ಬೆಲೆಯ ಮನೆಗಳನ್ನೂ ಜಮೀನನ್ನೂ ಬಿಟ್ಟು ಮೃತನಾದನೆಂದು ಭಾವಿಸೋಣ. ಅವನಿಗೆ ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ತಂದೆ ತಾಯಿಗಳು ಜೀವಂತವಾಗಿಲ್ಲ.

- ಇಂಗ್ಲಿಷ್ ಜ್ಯೇಷ್ಠಾಧಿಕಾರದಂತೆ: 12 ಲಕ್ಷದ ಆಸ್ತಿಯೂ ಹಿರಿಯ ಮಗನಿಗೆ. ವಿಧವೆಗೆ ಮೂರನೆಯ ಒಂದು ಭಾಗದಲ್ಲಿ ಜೀವಿತಾವಧಿಯ ಅನುಭೋಗದ ಹಕ್ಕು ಮಾತ್ರ.
- 1837ರ ಶಾಸನದ ನಂತರ: ವಿಧವೆಗೆ 4 ಲಕ್ಷ, ನಾಲ್ವರು ಮಕ್ಕಳಿಗೆ ತಲಾ 2 ಲಕ್ಷ.
- 1865ರ ಶಾಸನದಂತೆ: ಗಂಡುಮಕ್ಕಳಿಗೆ ತಲಾ 4 ಲಕ್ಷ, ವಿಧವೆಗೆ 2 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 1 ಲಕ್ಷ.
- 1939ರ ತಿದ್ದುಪಡಿಯಂತೆ: ಗಂಡುಮಕ್ಕಳಿಗೆ ಮತ್ತು ವಿಧವೆಗೆ ತಲಾ 3 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 1.5 ಲಕ್ಷ.
- 1991ರ ತಿದ್ದುಪಡಿಯಂತೆ: ಐವರಿಗೂ ತಲಾ 2.4 ಲಕ್ಷ.

ಕಾನೂನಿನ ಬದಲಾವಣೆಯು ಸದಾ ಸಮಾನತೆಯ ದಿಕ್ಕಿನಲ್ಲಿಯೇ ಸಾಗಲಿಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. 1837ರಿಂದ 1865ರವರೆಗೆ ಮುಂಬಯಿಯ ಪಾರ್ಸಿ ಹೆಣ್ಣುಮಗಳಿಗೆ ದೊರೆಯುತ್ತಿದ್ದ ಪಾಲು ಸಮುದಾಯವೇ ಕೇಳಿ ಪಡೆದ ಶಾಸನದಿಂದ ಅರ್ಧಕ್ಕೆ ಇಳಿಯಿತು. ಅಣ್ಣತಮ್ಮಂದಿರೊಂದಿಗೆ ಸಮಪಾಲು ಅವಳಿಗೆ ಮರಳಿ ದೊರೆಯಲು 126 ವರ್ಷಗಳು ಬೇಕಾದವು. ಈ ನಿಯಮಗಳು ಉಯಿಲು ಇಲ್ಲದಿದ್ದಾಗ ಮಾತ್ರ ಅನ್ವಯಿಸುತ್ತವೆ. ಉಯಿಲಿನ ಮೂಲಕ ಬೇರೆ ರೀತಿಯಲ್ಲಿ ಹಂಚುವ ಸ್ವಾತಂತ್ರ್ಯ ಪಾರ್ಸಿಗಳಿಗೆ ಇತ್ತು.

ದಾನನಿಧಿಗಳು

ಜಮ್ಶೆಟ್ಜಿಯವರು ತಮ್ಮ ಜೀವಿತಕಾಲದಲ್ಲಿ ದಾನಕಾರ್ಯಗಳಿಗೆ ನೀಡಿದ ಹಣವನ್ನು ಸುಮಾರು 2,30,000 ಪೌಂಡುಗಳೆಂದು ಅಂದಾಜಿಸಲಾಗಿದೆ. ಆ ಕಾಲದಲ್ಲಿ 1 ಪೌಂಡು ಸುಮಾರು 10 ರೂಪಾಯಿಗೆ ಸಮನಾಗಿತ್ತು. ಈ ಲೆಕ್ಕದಲ್ಲಿ ಅವರ ದಾನವು ಸುಮಾರು 23 ಲಕ್ಷ ರೂಪಾಯಿಗಳಾಗುತ್ತದೆ. ಪದವಿಯ ಪೋಷಣೆಗೆ ಬೇಕಾದ ಮೂಲಧನಕ್ಕೆ ಇದು ಹೆಚ್ಚುಕಡಿಮೆ ಸಮಾನವಾದ ಮೊತ್ತ.

ಅವರ ದೇಣಿಗೆಯಿಂದ ನಿರ್ಮಾಣವಾದ ಜೆ.ಜೆ. ಆಸ್ಪತ್ರೆಯು 1845ರಲ್ಲಿ ಆರಂಭವಾಯಿತು. ಬಡ ಪಾರ್ಸಿ ಮಕ್ಕಳ ಶಿಕ್ಷಣ ಮತ್ತು ನೆರವಿಗಾಗಿ 1849ರಲ್ಲಿ ಪಾರ್ಸಿ ಬೆನೆವೊಲೆಂಟ್ ಸಂಸ್ಥೆಯನ್ನು ಸ್ಥಾಪಿಸಲಾಯಿತು. 1 ಲಕ್ಷ ರೂಪಾಯಿಗಳ ದೇಣಿಗೆಯಿಂದ 1857ರಲ್ಲಿ ಆರಂಭವಾದ ಕಲಾಶಾಲೆಯು ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಎಂದು ಪ್ರಸಿದ್ಧವಾಗಿದೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಖ್ಯಾತ ಚಿತ್ರಕಲಾವಿದ ಕೆ.ಕೆ. ಹೆಬ್ಬಾರ್ ಅವರು ಈ ಶಾಲೆಯಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರಾಗಿಯೂ ಕೆಲಸ ಮಾಡಿದರು.

ಅವಾಬಾಯಿಯವರ ಹೆಸರಿನೊಂದಿಗೆ ಸೇರಿಕೊಂಡಿರುವ ಕಾರ್ಯವೆಂದರೆ ಮಾಹಿಮ್ ಮತ್ತು ಬಾಂದ್ರಾಗಳನ್ನು ಜೋಡಿಸುವ ಮಾಹಿಮ್ ಸೇತುಮಾರ್ಗ. ಅದರ ನಿರ್ಮಾಣಕ್ಕೆ ಅವರು ಒಂದೂವರೆ ಲಕ್ಷ ರೂಪಾಯಿಗಳಿಗೂ ಹೆಚ್ಚು ಹಣವನ್ನು ನೀಡಿದರು. ಸೇತುಮಾರ್ಗವನ್ನು ಬಳಸುವವರಿಂದ ಸುಂಕ ವಸೂಲು ಮಾಡಬಾರದೆಂಬುದು ದೇಣಿಗೆಯ ಷರತ್ತಾಗಿತ್ತು. 1845ರಲ್ಲಿ ಅದು ಸಂಚಾರಕ್ಕೆ ತೆರೆದುಕೊಂಡಿತು.

ಕಾನೂನಿನ ದೃಷ್ಟಿಯಿಂದ ಇಲ್ಲಿ ಒಂದು ಭೇದವಿದೆ. ಸಾರ್ವಜನಿಕ ದಾನಕ್ಕಾಗಿ ಆಸ್ತಿಯನ್ನು ಶಾಶ್ವತವಾಗಿ ಮೀಸಲಿಡಲು ಕಾನೂನು ಅನುಮತಿಸುತ್ತಿತ್ತು; ಒಂದು ಕುಟುಂಬಕ್ಕಾಗಿ ಹಾಗೆ ಮಾಡಲು ವಿಶೇಷ ಶಾಸನ ಬೇಕಾಯಿತು.

ಇತರ ಮನೆತನಗಳು ಮತ್ತು ಪದ್ಧತಿಗಳು

1860ರ ಶಾಸನವು ಮುಂದಿನ ಭಾರತೀಯ ಬ್ಯಾರೊನೆಟ್ ಮನೆತನಗಳಿಗೆ ಮಾದರಿಯಾಯಿತು. ಬಟ್ಟೆ ಗಿರಣಿಗಳ ಒಡೆಯ ದಿನ್‌ಶಾ ಮಾಣೆಕ್ಜಿ ಪೆಟಿಟ್ ಅವರಿಗೆ 1890ರಲ್ಲಿ ಪದವಿ ದೊರೆತು, 1893ರಲ್ಲಿ ಇಂತಹದೇ ಶಾಸನವಾಯಿತು. ಕಾವಸ್ಜಿ ಜಹಾಂಗೀರ್ ಅವರ ಮನೆತನಕ್ಕೆ 1911ರಲ್ಲಿ, ಖೋಜಾ ಮುಸ್ಲಿಂ ವರ್ತಕ ಕರೀಂಭಾಯ್ ಇಬ್ರಾಹಿಂ ಅವರ ಮನೆತನಕ್ಕೆ 1913ರಲ್ಲಿ ಪ್ರತ್ಯೇಕ ಶಾಸನಗಳಾದವು. 1913ರಲ್ಲಿ ಅಹಮದಾಬಾದಿನ ಚಿನುಭಾಯ್ ಮಾಧವಲಾಲ್ ಅವರು ಈ ಪದವಿಯನ್ನು ಪಡೆದ ಮೊದಲ ಹಿಂದೂ ಎನಿಸಿದರು.

ಈ ಪದವಿಗಳಿಲ್ಲದ ಕುಟುಂಬಗಳಿಗೆ ನ್ಯಾಯಾಲಯಗಳ ಧೋರಣೆ ಕಟ್ಟುನಿಟ್ಟಾಗಿತ್ತು. ಪ್ರಸನ್ನಕುಮಾರ ಟಾಗೋರ್ ಅವರ ಉಯಿಲಿನ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1872ರಲ್ಲಿ ತೀರ್ಪು ನೀಡಿತು. ಇಂಗ್ಲಿಷ್ ಮಾದರಿಯಲ್ಲಿ ಆಸ್ತಿಯನ್ನು ಪುರುಷ ಸಂತತಿಯ ಸಾಲಿಗೆ ಕಟ್ಟಿಡಲು ಹಿಂದೂ ಒಬ್ಬನಿಗೆ ಅಧಿಕಾರವಿಲ್ಲವೆಂದು ಅದು ಹೇಳಿತು. 1894ರಲ್ಲಿ ಅದೇ ನ್ಯಾಯಮಂಡಳಿಯು ಪ್ರಧಾನವಾಗಿ ಕುಟುಂಬದ ಪ್ರಯೋಜನಕ್ಕಾಗಿ ಮಾಡಿದ ವಕ್ಫ್ ಅಸಿಂಧುವೆಂದು ತೀರ್ಮಾನಿಸಿತು. ಮುಸ್ಲಿಂ ಸಮುದಾಯದ ಒತ್ತಾಯದ ಮೇರೆಗೆ 1913ರ ವಕ್ಫ್ ಸಿಂಧುತ್ವ ಶಾಸನವು ಅಂತಹ ವಕ್ಫ್‌ಗಳಿಗೆ ಮಾನ್ಯತೆ ನೀಡಿತು.

ಕನ್ನಡ ನಾಡಿನೊಂದಿಗೆ ಸಂಬಂಧವಿರುವ ಮಿತಾಕ್ಷರ ಪದ್ಧತಿಯು ಜ್ಯೇಷ್ಠಾಧಿಕಾರಕ್ಕೆ ವಿರುದ್ಧವಾದ ತತ್ತ್ವವನ್ನು ಹೊಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಈ ವ್ಯಾಖ್ಯಾನದ ಪ್ರಕಾರ, ಪಿತ್ರಾರ್ಜಿತ ಆಸ್ತಿಯಲ್ಲಿ ಎಲ್ಲ ಗಂಡುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ತಂದೆಯು ಅದನ್ನು ಒಬ್ಬನಿಗೇ ಉಯಿಲು ಬರೆಯಲಾರ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿಯು ಸ್ತ್ರೀ ಸಂತತಿಯಲ್ಲಿ ಸಾಗುತ್ತಿತ್ತು. ಇವೆಲ್ಲವೂ ಒಂದೇ ವಸಾಹತು ಆಡಳಿತದ ಅಡಿಯಲ್ಲಿ ಏಕಕಾಲದಲ್ಲಿ ಜಾರಿಯಲ್ಲಿದ್ದವು.

ಮಹತ್ವ

ಭಾರತದ ಸಂವಿಧಾನದ 18ನೆಯ ವಿಧಿಯು ರಾಜ್ಯವು ಬಿರುದುಗಳನ್ನು ನೀಡುವುದನ್ನು ನಿಷೇಧಿಸಿದೆ. ಆದಾಗ್ಯೂ ಜೀಜಿಭಾಯ್ ಬ್ಯಾರೊನೆಟ್ ಪದವಿಯು ಬ್ರಿಟಿಷ್ ಪದವಿಗಳ ಸಾಲಿನಲ್ಲಿ 21ನೆಯ ಶತಮಾನದವರೆಗೂ ಮುಂದುವರಿದಿದೆ.

ಪಿತ್ರಾರ್ಜಿತವಿಲ್ಲದೆ ಜೀವನವನ್ನು ಆರಂಭಿಸಿದ ವರ್ತಕರೊಬ್ಬರ ಸಂಪತ್ತು ಮೂರು ದಾರಿಗಳಲ್ಲಿ ಹರಿದುದನ್ನು ಈ ಪ್ರಕರಣದಲ್ಲಿ ಕಾಣಬಹುದು. ಒಂದು ಭಾಗವು ಶಾಸನದ ಬಲದಿಂದ ಹಿರಿಯ ಮಗನ ಸಾಲಿನಲ್ಲಿ ನಿಂತಿತು. ಇನ್ನೊಂದು ಭಾಗವು ಉಳಿದ ಮಕ್ಕಳ ಕೈಯಲ್ಲಿ ಕಾಲದ ಏರಿಳಿತಗಳಿಗೆ ಒಳಗಾಯಿತು. ಮೂರನೆಯ ಭಾಗವು ಆಸ್ಪತ್ರೆ, ಶಾಲೆ ಮತ್ತು ಸೇತುಮಾರ್ಗಗಳ ರೂಪದಲ್ಲಿ ಕುಟುಂಬದ ಹೊರಗಿನವರಿಗೆ ದೊರೆಯಿತು. ಅನೇಕ ತಲೆಮಾರುಗಳವರೆಗೆ ಹೆಸರನ್ನು ಉಳಿಸಲು ವಿಶೇಷ ಶಾಸನವನ್ನೇ ರೂಪಿಸಲಾಯಿತಾದರೂ, ಮುಂಬಯಿಯಲ್ಲಿ ಜಮ್ಶೆಟ್ಜಿ ಜೀಜಿಭಾಯ್ ಅವರ ಹೆಸರು ಇಂದು ಹೆಚ್ಚಾಗಿ ಉಚ್ಚರಿಸಲ್ಪಡುವುದು ಅವರ ದಾನದಿಂದ ಸ್ಥಾಪಿತವಾದ ಆಸ್ಪತ್ರೆ ಮತ್ತು ಕಲಾಶಾಲೆಗಳ ಮೂಲಕ.